ಮಣಿಕಟ್ಟಿನ ಮೇಲಧಿಕಾರಿಗಳಿಗೆ, ಮಧ್ಯಾಹ್ನದ ಫೋನಿನ ವಿಷಯವಾಗಿ

ಮಾನ್ಯರೇ,

ನಮ್ಮ ಮನೆಯ ಮೇಜಿನ ಖಾನೆಯಲ್ಲಿ, ಮಸಿ ಒಣಗಿದ ಪೆನ್ನುಗಳಿಗೂ ಯಾವ ಬೀಗದವೆಂದು ಯಾರಿಗೂ ನೆನಪಿಲ್ಲದ ಕೀಲಿಗಳಿಗೂ ನಡುವೆ, ಹೊಟ್ಟೆ ಉಬ್ಬಿಸಿಕೊಂಡು ಕಣ್ಣು ಮುಚ್ಚಿ ವಿಶ್ರಮಿಸುತ್ತಿರುವ ಸ್ಮಾರ್ಟ್‌ವಾಚ್ ಮಹಾಶಯರಾದ ತಮ್ಮ ಸನ್ನಿಧಾನಕ್ಕೆ, ತಮ್ಮ ಆಯುಷ್ಯವಿದ್ದಷ್ಟು ಕಾಲ ತಮ್ಮ ಅಧೀನದಲ್ಲಿ ಸೇವೆ ಸಲ್ಲಿಸಿದ ಡ್ರೈವಿಂಗ್ ಸ್ಕೂಲ್ ಮೇಷ್ಟ್ರೊಬ್ಬ ಮಾಡಿಕೊಳ್ಳುವ ಅರಿಕೆ. ತಾವು ಕ್ಷೇಮವೆಂದು ಭಾವಿಸುತ್ತೇನೆ ಎಂದು ಬರೆಯುವಂತಿಲ್ಲ, ಸತ್ತವರಿಗೆ ಹಾಗೆ ಬರೆಯುವುದು ಕುಹಕವಾದೀತು. ನಾನು ಕ್ಷೇಮ. ಈ ಒಂದು ಮಾತನ್ನು ತಮ್ಮ ಅನುಮೋದನೆಯಿಲ್ಲದೆ ಹೇಳುವ ಸ್ವಾತಂತ್ರ್ಯ ನನಗೆ ಮರಳಿ ಬಂದು ಕೆಲವು ವಾರಗಳಷ್ಟೇ ಆಗಿರುವುದರಿಂದ, ಆಸೆಗೆ ಇನ್ನೊಮ್ಮೆ ಬರೆಯುತ್ತೇನೆ: ನಾನು ಕ್ಷೇಮ.

ಈ ಅರಿಕೆಯನ್ನು ಖಾನೆ ಎಳೆದು ತಮ್ಮ ಕಿವಿಯಲ್ಲೇ ಹೇಳಬಹುದಿತ್ತು. ಆದರೆ ತಮ್ಮನ್ನು ಹೆತ್ತ ಕಂಪನಿಗೆ ನಾನು ಬರೆದದ್ದಕ್ಕೆಲ್ಲ ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂಬ ಒಂದೇ ಉತ್ತರ ಬರುತ್ತಿದ್ದು, ಅಷ್ಟು ಅಮೂಲ್ಯವಾದದ್ದನ್ನು ಓದಿ ಸವೆಸಲು ಅವರಿಗೆ ಮನಸ್ಸು ಬರುತ್ತಿಲ್ಲವೆಂದು ತೋರುತ್ತದೆ. ಅದೂ ಅಲ್ಲದೆ ನನ್ನ ಮಣಿಕಟ್ಟಿನ ಮೇಲೆ ತಾವು ಬಿಟ್ಟುಹೋದ ಬೆಳ್ಳನೆಯ ಗುರುತನ್ನು ಕಂಡವರೆಲ್ಲ ತಮ್ಮ ಬಗ್ಗೆ ವಿಚಾರಿಸುತ್ತಾರೆ. ನನ್ನ ಹೆಂಡತಿಯ ತಮ್ಮನಂತೂ ಬಂದಾಗಲೆಲ್ಲ, “ಭಾವ, ಒಂದೇ ಮಾತಲ್ಲಿ ಹೇಳಿ. ತಗೋಬಹುದಾ, ಬೇಡ್ವಾ? ಬಾಳಿಕೆ ಬರುತ್ತಾ?” ಎಂದು ಪ್ರಾಣ ಹಿಂಡುತ್ತಾನೆ. ಒಂದೇ ಮಾತಲ್ಲಿ ಮುಗಿಯುವ ವಿಷಯವಾಗಿದ್ದರೆ ನಾನು ಇಷ್ಟು ಕಾಗದ ಹಾಳುಮಾಡುತ್ತಿರಲಿಲ್ಲ. ಅವನು ಇದನ್ನೇ ಓದಿಕೊಳ್ಳಲಿ.

ತಮ್ಮ ಮೇಲೆ ನನಗಿರುವ ಮುಖ್ಯ ದೂರು ಒಂದೇ. ನನ್ನ ಹೆಂಡತಿ ದಿನಾ ಮಧ್ಯಾಹ್ನ ನನಗೆ ಮಾಡುತ್ತಿದ್ದ ಒಂದು ಫೋನನ್ನು ತಾವು ಕಸಿದುಕೊಂಡಿರಿ, ಕಸಿದುಕೊಂಡದ್ದಷ್ಟೇ ಅಲ್ಲ, ಅದು ನನಗೆ ಅತ್ಯಂತ ಅಗತ್ಯವಾಗಿ ಬರಬೇಕಾಗಿದ್ದ ದಿನವೇ ಬಾರದಂತೆ ಮಾಡಿದಿರಿ. ಆದರೆ ದೊಡ್ಡವರ ಮುಂದೆ ದೊಡ್ಡ ದೂರನ್ನು ಥಟ್ಟನೆ ಇಡುವುದು ಸಭ್ಯತೆಯಲ್ಲವಾದ್ದರಿಂದ, ಮೊದಲು ಚಿಲ್ಲರೆಯವನ್ನು ಅರಿಕೆ ಮಾಡಿಕೊಂಡು ಆಮೇಲೆ ಅಲ್ಲಿಗೆ ಬರುತ್ತೇನೆ.

ನನ್ನ ಕೆಲಸ ಏನೆಂಬುದು ತಮಗೆ ಕೊನೆಯುಸಿರಿನ ತನಕ ತಿಳಿಯಲಿಲ್ಲ. ಈಗಲಾದರೂ ತಿಳಿಯಲಿ: ಕಾರು ಓಡಿಸಲು ಬಾರದವರು ಓಡಿಸುವ ಕಾರಿನಲ್ಲಿ, ಅವರ ಪಕ್ಕದಲ್ಲೇ ಕೂತು, ದಿನವಿಡೀ ಊರು ಸುತ್ತುವುದು ನನ್ನ ಉದ್ಯೋಗ. ನನ್ನ ಕಾಲ ಬಳಿ ಹೆಚ್ಚುವರಿ ಬ್ರೇಕ್ ಒಂದಿದೆ, ಅದನ್ನು ಬಿಟ್ಟರೆ ದೇವರಿದ್ದಾನೆ. ನಮ್ಮ ಸ್ಕೂಲಿನಲ್ಲಿ ಕಲಿಯುವವರ ಮೇಲೆ ಕೂಗಬಾರದೆಂಬ ಕಟ್ಟಪ್ಪಣೆಯಿದೆ, ಕೂಗಿದರೆ ಅವರು ಕಣ್ಣು ಮುಚ್ಚಿಬಿಡುತ್ತಾರೆಂಬುದು ನಮ್ಮ ಯಜಮಾನರ ಅನುಭವ. ಆದ್ದರಿಂದ ನಾವು ಅಂಗೈಯಿಂದ ಡ್ಯಾಶ್‌ಬೋರ್ಡ್ ತಟ್ಟುತ್ತೇವೆ. ಒಂದು ತಟ್ಟಿದರೆ ನಿಧಾನ, ಎರಡು ತಟ್ಟಿದರೆ ನಿಲ್ಲಿಸಿ, ಬಿಡದೆ ತಟ್ಟುತ್ತಿದ್ದರೆ ನಿಮಗೆ ನಂಬಿಕೆಯಿರುವ ಯಾರನ್ನಾದರೂ ನೆನೆಸಿಕೊಳ್ಳಿ ಎಂದರ್ಥ. ಮುಖದ ಮೇಲೆ ಮಾತ್ರ ಏನನ್ನೂ ತೋರಿಸುವಂತಿಲ್ಲ. ಎದುರಿಗೆ ಲಾರಿ ಬರುತ್ತಿದ್ದರೂ, ಟೀ ಕುಡಿಯೋಣವೇ ಎಂದು ಕೇಳುವವನ ದನಿಯಲ್ಲಿ, “ಸ್ವಲ್ಪ ಈ ಕಡೆ ಬಂದುಬಿಡೋಣ್ವಾ?” ಎನ್ನಬೇಕು. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸಿದವರಿಲ್ಲವೆಂದು, ಕಲಿತು ಹೋದವರು ನನಗೆ ತಣ್ಣೀರು ಮೇಷ್ಟ್ರು ಎಂದು ಹೆಸರಿಟ್ಟಿದ್ದಾರೆ. ಆ ತಣ್ಣೀರಿನ ಕೆಳಗೆ ಎದೆ ಏನು ಮಾಡಿಕೊಳ್ಳುತ್ತಿತ್ತೆಂಬುದು ನನಗೂ ಗೊತ್ತಿರಲಿಲ್ಲ, ಗೊತ್ತಾಗದೆಯೇ ನಾವಿಬ್ಬರೂ ಅನ್ಯೋನ್ಯವಾಗಿದ್ದೆವು.

ತಾವು ನಮ್ಮ ಮನೆಗೆ ದಯಮಾಡಿಸಿದ್ದು ಒಂದು ಹೆದರಿಕೆಯ ಕಾರಣದಿಂದ. ನಮ್ಮಲ್ಲಿನ ಇನ್ನೊಬ್ಬ ಮೇಷ್ಟ್ರು, ಪಾಠದ ನಡುವೆಯೇ ಎದೆ ಹಿಡಿದುಕೊಂಡು ಕುಸಿದ. ಸ್ಟಿಯರಿಂಗ್ ಹಿಡಿದಿದ್ದವರು ಆಗಷ್ಟೇ ಸೇರಿದ್ದ ಸಂಗೀತದ ಟೀಚರು, ಅವರಿಗೆ ಬರುತ್ತಿದ್ದುದು ಒಂದನೆಯ ಗೇರ್ ಮಾತ್ರ. ಆ ಪುಣ್ಯಾತ್ಗಿತ್ತಿ ಹಾರ್ನಿನ ಮೇಲಿಟ್ಟ ಕೈ ತೆಗೆಯದೆ, ಒಂದನೆಯ ಗೇರಿನಲ್ಲೇ ಅರ್ಧ ಊರು ದಾಟಿಸಿ, ಅವನನ್ನು ಆಸ್ಪತ್ರೆಯ ಬಾಗಿಲು ಮುಟ್ಟಿಸಿದರು. ಅವನ ಕಾರಿನ ಎಂಜಿನ್ ಹೋಯಿತು, ಮನುಷ್ಯ ಉಳಿದ. ಮಾರುಕಟ್ಟೆಯ ಬೀದಿಯಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡಿರುವ ನನ್ನ ಹೆಂಡತಿ ಈ ಸುದ್ದಿ ಕೇಳಿದ ಮೇಲೆ ಎರಡು ದಿನ ಗಿರಾಕಿಗಳ ರವಿಕೆಯ ತೋಳುಗಳನ್ನು ಅದಲುಬದಲು ಹೊಲಿದಳು. ಆಮೇಲೊಂದು ಸಂಜೆ ತಮ್ಮನ್ನು ಕರೆತಂದು, ಪೆಟ್ಟಿಗೆ ಬಿಚ್ಚಿ, ನನ್ನ ಕೈಗೆ ಬಿಗಿದು, “ಬೇಡ ಅನ್ಬೇಡಿ. ನೀವಂತೂ ನಿಜ ಹೇಳೋರಲ್ಲ. ಇದಾದ್ರೂ ಹೇಳುತ್ತೆ” ಎಂದಳು. ತಮ್ಮ ಬೆನ್ನಿನ ಹಸಿರು ದೀಪ ನನ್ನ ಚರ್ಮದ ಮೇಲೆ ಮಿನುಗಿತು, ಅವಳ ಫೋನಿನ ಪರದೆಯ ಮೇಲೆ ನನ್ನ ಎದೆ ಬಡಿಯತೊಡಗಿತು. ಅಂದು ಅವಳ ಮುಖದಲ್ಲಿ ಇಳಿದ ನಿರಾಳವನ್ನು ನೋಡಿ ನಾನೂ ತಮಗೆ ಕೃತಜ್ಞನಾಗಿದ್ದೆ, ಸುಳ್ಳು ಹೇಳಬಾರದು.

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ತಮ್ಮ ಆರಂಭದ ಉತ್ಸಾಹವೂ ಹಾಗೆಯೇ ಇತ್ತು. ಕ್ಲಚ್ ಬಿಡುವ ಬಗೆಯನ್ನು ವಿವರಿಸುತ್ತ ನಾನು ಗಾಳಿಯಲ್ಲಿ ಕೈಯನ್ನು ಮೆಲ್ಲಗೆ ಮೇಲೆತ್ತಿದರೆ, ಈಜುತ್ತಿದ್ದೀರಾ ಎಂದು ತಾವು ಆಸಕ್ತಿಯಿಂದ ವಿಚಾರಿಸುತ್ತಿದ್ದಿರಿ. ಡ್ಯಾಶ್‌ಬೋರ್ಡ್ ತಟ್ಟಿದರೆ ಕೈ ತೊಳೆಯುತ್ತಿದ್ದೇನೆಂದು ತಿಳಿದು, ಇನ್ನೂ ಸ್ವಲ್ಪ ಹೊತ್ತು ತೊಳೆಯುವಂತೆ ಹುರಿದುಂಬಿಸುತ್ತಿದ್ದಿರಿ. ನಾಲ್ಕು ರಸ್ತೆ ಕೂಡುವಲ್ಲಿ ನಮ್ಮ ಕಾರು ಆಫಾಗಿ, ಹಿಂದಿನಿಂದ ಬಸ್ಸು ಬುಸುಗುಡುತ್ತಿರುವಾಗ, ಬಹಳ ಹೊತ್ತಿನಿಂದ ಕೂತಿದ್ದೀರಿ, ಎದ್ದು ಕೊಂಚ ಅಡ್ಡಾಡಿ ಬನ್ನಿ ಎಂದು ಸೂಚಿಸಿದ ತಮ್ಮ ಕಾಳಜಿಯನ್ನು ಹೇಗೆ ಮರೆಯಲಿ? ಹಲವು ದಿನ ಉಪವಾಸವಿರಬಲ್ಲೆನೆಂದು ಪೆಟ್ಟಿಗೆಯ ಮೇಲೆ ಬರೆಸಿಕೊಂಡು ಬಂದಿದ್ದ ತಾವು, ಸಂಜೆಯಾಗುತ್ತಲೇ ಹಸಿವೆಂದು ನಡುಗುತ್ತಿದ್ದಿರಿ. ನಾನು ಕೈಕಾಲು ತೊಳೆದು ತಟ್ಟೆಯ ಮುಂದೆ ಕೂತರೆ, “ಮೊದ್ಲು ಅದಕ್ಕೆ ಚಾರ್ಜ್ ಹಾಕಿ, ಆಮೇಲೆ ನೀವು ಉಣ್ಣಿ” ಎಂದು ಒಳಗಿಂದ ಅಪ್ಪಣೆಯಾಗುತ್ತಿತ್ತು. ಮನೆಗೆ ಬಂದ ಅಳಿಯನಿಗೂ ನಮ್ಮಲ್ಲಿ ಇಂಥ ಉಪಚಾರ ನಡೆದಿಲ್ಲ.

ನಮ್ಮ ಕಸುಬಿನವರಿಗೆ ಒಂದು ಅಭ್ಯಾಸವಿದೆ. ಗಡಿಯಾರವನ್ನು ಕಲಿಯುವವರ ಪಕ್ಕದ ಕೈಗೇ ಕಟ್ಟುತ್ತೇವೆ. ಪಾಠದ ಹೊತ್ತು ಮುಗಿಯಿತೆಂಬುದನ್ನು ಅವರೇ ಓರೆಗಣ್ಣಿನಲ್ಲಿ ನೋಡಿಕೊಂಡು ಕಾರನ್ನು ಬದಿಗೆ ತರಲಿ, ಇಳಿಯಿರಿ ಎಂದು ನಾವು ಬಾಯಿಬಿಟ್ಟು ಹೇಳುವ ಮುಜುಗರ ತಪ್ಪಲಿ ಎಂದು. ತಮ್ಮನ್ನೂ ಆ ಕೈಗೇ ಕಟ್ಟಿಕೊಂಡೆ. ಬಹುಶಃ ಬೇರೆ ಯಾವ ವೃತ್ತಿಯವನೂ ಮಾಡಲಾರದ ಪ್ರಮಾದ ಅದು. ಯಾಕೆಂದರೆ ತಾವು ತೋರಿಸುತ್ತಿದ್ದುದು ಹೊತ್ತನ್ನಲ್ಲ, ನನ್ನ ಎದೆಯನ್ನು. ಮೊದಲು ಅದನ್ನು ಕಂಡುಹಿಡಿದವರು ನಮ್ಮಲ್ಲಿ ಕಲಿಯಲು ಬರುತ್ತಿದ್ದ ಹಲ್ಲಿನ ಡಾಕ್ಟರು. ಬೇರೆಯವರ ದವಡೆಯಲ್ಲಿ ಡ್ರಿಲ್ ಓಡಿಸುವಾಗ ಕೈ ನಡುಗದ ಆ ಮಹಿಳೆಗೆ, ವೃತ್ತ ಕಂಡರೆ ಮಾತ್ರ ಮೈಯೆಲ್ಲ ಬೆವರು. ಒಂದು ಬೆಳಗ್ಗೆ ತಿರುವಿನ ನಡುವೆ ರಸ್ತೆ ಬಿಟ್ಟು ನನ್ನ ಮಣಿಕಟ್ಟು ನೋಡಿ, “ಅಯ್ಯೋ ಮೇಷ್ಟ್ರೇ, ನಿಮ್ದು ನೂರು ದಾಟಿಬಿಡ್ತು! ನಾನೇನಾದ್ರೂ ತಪ್ಪು ಮಾಡಿದ್ನಾ?” ಎಂದು ಚೀರಿದರು. ರಸ್ತೆ ನೋಡದೆ ನನ್ನನ್ನು ನೋಡಿದ್ದೇ ತಪ್ಪೆಂದು ನಾನು ಹೇಳುವಷ್ಟರಲ್ಲಿ ತಾವು ಇನ್ನೂ ಒಂದಿಷ್ಟು ಏರಿಸಿ ತೋರಿಸಿದಿರಿ.

ಅಲ್ಲಿಗೆ ತಣ್ಣೀರು ಮೇಷ್ಟ್ರ ವರ್ಷಗಟ್ಟಲೆಯ ತಪಸ್ಸು ನೀರುಪಾಲಾಯಿತು. ನನ್ನ ಮುಖ ನಗುತ್ತಿದ್ದರೂ ಕೈ ಬೊಬ್ಬೆ ಹೊಡೆಯುತ್ತಿದೆಯೆಂದು ಎಲ್ಲರಿಗೂ ಗೊತ್ತಾಯಿತು. ಕಲಿಯುವವರು ನನ್ನ ನಾಡಿಯನ್ನೇ ಅಂಕಪಟ್ಟಿ ಮಾಡಿಕೊಂಡರು. ಕೌಂಟರಿನ ಮುಂದೆ ನಿಂತು, “ಇವತ್ತು ಮೇಷ್ಟ್ರದ್ದು ಏರ್ಲೇ ಇಲ್ಲ ಗೊತ್ತಾ, ನಾಳೆಯಿಂದ ನಂಗೆ ಹೈವೇ” ಎಂದು ಒಬ್ಬರು ಹೇಳಿದರೆ, ಇನ್ನೊಬ್ಬರು ಅಸೂಯೆಯಿಂದ, “ನಿಮ್ ಪಾಠಕ್ಕೆ ಮುಂಚೆ ಅವರು ನಿದ್ದೆ ಮಾಡಿದ್ರು ಬಿಡಿ” ಎನ್ನುತ್ತಿದ್ದರು. ನಮ್ಮ ಯಜಮಾನರು ಒಂದು ಹೆಜ್ಜೆ ಮುಂದೆ ಹೋಗಿ, ಕಾರಿನ ಚಾವಣಿಯ ಮೇಲಿನ ಬೋರ್ಡಿಗೆ ‘ಮೇಷ್ಟ್ರ ಎದೆಬಡಿತವೇ ನಿಮ್ಮ ಪ್ರಗತಿಪತ್ರ’ ಎಂದು ಬರೆಸುವ ಯೋಚನೆ ಮಾಡಿದ್ದರು. ಪೇಂಟರಿಗೆ ಜ್ವರ ಬಂದದ್ದರಿಂದ ನನ್ನ ಮಾನ ಉಳಿಯಿತು.

ಇನ್ನು ತಮ್ಮ ಪತನ ಪತ್ತೆ ಎಂಬ ದಿವ್ಯಶಕ್ತಿಯ ವಿಷಯ. ಒಂದು ದಿನ ನಾಯಿಯೊಂದು ರಸ್ತೆಗೆ ಹಾರಿತು. ಡಾಕ್ಟರು ಬ್ರೇಕ್ ಒತ್ತುವ ಬದಲು ವೈಪರ್ ಹಾಕಿದರು. ನಾನು ಡ್ಯಾಶ್‌ಬೋರ್ಡನ್ನು ಜೋರಾಗಿ ಬಡಿದು ನನ್ನ ಬ್ರೇಕನ್ನು ತುಳಿದೆ. ನಾಯಿ ಬಾಲ ಅಲ್ಲಾಡಿಸಿ ಹೋಯಿತು. ತಾವು ಮಾತ್ರ, ನಾನು ಬಲವಾಗಿ ಬಿದ್ದಿದ್ದೇನೆಂದು ತೀರ್ಮಾನಿಸಿ, ಕಿರುಚಿ, ನನ್ನ ಉತ್ತರಕ್ಕೆ ಕೆಲವು ಕ್ಷಣ ಕಾದ ಶಾಸ್ತ್ರ ಮಾಡಿ, ನಕ್ಷೆಯ ಸಮೇತ ನನ್ನ ಹೆಂಡತಿಗೆ ಸುದ್ದಿ ಮುಟ್ಟಿಸಿದಿರಿ. ಕೊರಳಲ್ಲಿ ಅಳತೆಯ ಟೇಪು, ರವಿಕೆಯ ತೋಳಿಗೆ ಚುಚ್ಚಿದ ದಾರವಿದ್ದ ಸೂಜಿ, ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಗಿರಾಕಿಯದು: ಅವಳು ಆಟೋದಿಂದ ಇಳಿದು ಓಡಿ ಬಂದಾಗ ನಾನು ಡಾಕ್ಟರಿಗೆ ಬ್ರೇಕಿಗೂ ವೈಪರಿಗೂ ಇರುವ ವ್ಯತ್ಯಾಸ ವಿವರಿಸುತ್ತಿದ್ದೆ. ಇನ್ನೊಂದು ಸಲ ಪೆಟ್ರೋಲ್ ಬಂಕಿನಲ್ಲಿ, ಮತ್ತೊಂದು ಸಲ ತರಬೇತಿ ಮೈದಾನದಲ್ಲಿ ಇದೇ ಪ್ರಸಂಗ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವಷ್ಟು ಪೆದ್ದಿಯಲ್ಲ ಅವಳು. ಬಟ್ಟೆಯ ವ್ಯಾಪಾರಿ ಬಣ್ಣ ಹೋಗಲ್ಲ ಅಂದರೆ ಅಂಚನ್ನು ಒದ್ದೆ ಮಾಡಿ ಉಜ್ಜಿ ನೋಡುವವಳು. ಅಂಥವಳಿಗೆ, ಇದು ಸುಳ್ಳು ಹೇಳುತ್ತೆ, ನೀನು ಬರಬೇಡ ಎಂದೆ. ಅವಳು ಬೆವರು ಒರೆಸಿಕೊಳ್ಳುತ್ತ, “ಹತ್ತು ಸಲ ಸುಳ್ಳಾಗ್ಲಿ ಕಣ್ರೀ. ಹನ್ನೊಂದನೇ ಸಲ ನಾನು ಬರದೇ ಇದ್ದು, ಅವತ್ತೇ ನಿಜ ಆದ್ರೆ?” ಎಂದಳು. ನಾನು ಅವಳಿಗೆಂದು ನೀರಿನ ಬಾಟಲಿಯ ಮುಚ್ಚಳ ತಿರುಗಿಸಿದೆ. ತಾವು ಕೈ ತೊಳೆಯಲು ಹೇಳುತ್ತಿದ್ದಿರಿ.

ಈಗ ಮಧ್ಯಾಹ್ನದ ಫೋನಿಗೆ ಬರುತ್ತೇನೆ. ತಾವು ಬರುವುದಕ್ಕೆ ಮೊದಲು, ಬೆಳಗಿನ ಪಾಠಗಳು ಮುಗಿದು ನಾನು ಮೈದಾನದ ಗೋಡೆಯ ನೆರಳಲ್ಲಿ ಡಬ್ಬಿ ಬಿಚ್ಚುವ ಹೊತ್ತಿಗೆ ಅವಳ ಫೋನು ಬರುತ್ತಿತ್ತು. ಆ ಕಡೆ ಹೊಲಿಗೆ ಮಿಷನ್ ನಿಂತ ಸದ್ದು, ಆಮೇಲೆ “ಊಟ ಆಯ್ತಾ?” ಎಂಬ ಪ್ರಶ್ನೆ. ನಾನು “ಹ್ಞೂಂ” ಎನ್ನುತ್ತಿದ್ದೆ. ನಮ್ಮ ಮಾತುಕತೆಯ ಬಹುಭಾಗ ಅಷ್ಟೇ. ಆದರೆ ಆ ಹ್ಞೂಂಕಾರದಿಂದಲೇ ಅವಳು ನನಗೆ ಶೀತವಾಗಿದೆಯೋ, ಯಜಮಾನರ ಜೊತೆ ಮಾತಿಗೆ ಮಾತು ಬೆಳೆದಿದೆಯೋ, ಬೆಳಗ್ಗೆ ಯಾರಾದರೂ ಕಾರನ್ನು ಚರಂಡಿಗೆ ಇಳಿಸಿದ್ದಾರೋ ಎಂಬುದನ್ನು ಹೇಳಿಬಿಡುತ್ತಿದ್ದಳು. “ಯಾಕೆ ದನಿ ಒಂಥರಾ ಇದೆ?” ಎಂದಳೆಂದರೆ ಮುಗಿಯಿತು, ಇಡೀ ಊರಿಗೆ ತಣ್ಣೀರಾದವನು ಅವಳೆದುರು ಐದು ನಿಮಿಷ ಕೊತಕೊತ ಕುದಿದು, ಹಗುರಾಗಿ ಡಬ್ಬಿ ಮುಚ್ಚುತ್ತಿದ್ದೆ. ಅವಳೂ ತನ್ನ ಕಡೆಯ ಒಂದೆರಡು ಮಾತು ಹೇಳುತ್ತಿದ್ದಳು. ತೋಳು ಬಿಗಿ ಎಂದು ಜಗಳ ತೆಗೆದ ಗಿರಾಕಿ, ಬೆನ್ನುನೋವು, ಸಂಜೆಗೆ ತರಬೇಕಾದ ತರಕಾರಿ. ಅದು ಎಷ್ಟು ಮುಖ್ಯವಾದ ಫೋನೆಂಬುದು ಅದು ಇದ್ದಷ್ಟು ದಿನ ನನಗೆ ಹೊಳೆದಿರಲಿಲ್ಲ.

ತಾವು ಬಂದ ಮೇಲೆ ಅದು ಮೊದಲು ತಡವಾಯಿತು, ಆಮೇಲೆ ದಿನ ಬಿಟ್ಟು ದಿನವಾಯಿತು, ಕಡೆಗೆ ನಿಂತೇ ಹೋಯಿತು. ಯಾಕೆಂದು ಕೇಳಿದ್ದಕ್ಕೆ ಅವಳು ಆಶ್ಚರ್ಯಪಟ್ಟು, “ಕೂತಲ್ಲೇ ಕಾಣ್ಸುತ್ತಲ್ಲ! ದಾರದ ಡಬ್ಬಿಗೆ ಫೋನ್ ಆನಿಸಿಟ್ಕೊಂಡಿರ್ತೀನಿ, ಹೊಲೀತಾ ಹೊಲೀತಾ ನಿಮ್ಮ ಎದೆ ನೋಡ್ತಾ ಇರ್ತೀನಿ” ಎಂದಳು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎಂಬ ಗಾದೆಯನ್ನು ಚಿಕ್ಕಂದಿನಿಂದ ಕೇಳಿದವನು ನಾನು. ಹುಣ್ಣನ್ನೂ ಅಂಗೈಯನ್ನೂ ಬಿಟ್ಟು ಬರೀ ಕನ್ನಡಿಯನ್ನು ವಿಚಾರಿಸಿಕೊಳ್ಳುವ ಕಾಲ ಬರುತ್ತದೆಂದು ಗಾದೆ ಕಟ್ಟಿದವರಿಗೂ ಗೊತ್ತಿರಲಿಲ್ಲ. ಸುಸ್ತಾಗಿದೆ ಕಣೇ ಎಂದರೆ, “ಇಲ್ವಲ್ಲ, ನಿದ್ದೆ ಚೆನ್ನಾಗಾಗಿದೆ ಅಂತ ತೋರಿಸ್ತಿದೆ” ಎನ್ನುವಳು. ಚೆನ್ನಾಗಿದ್ದೇನೆ ಎಂದರೆ, “ಸುಮ್ನಿರಿ, ಬೆಳಗ್ಗೆಯಿಂದ ಕೆಂಪಗಿದೆ” ಎನ್ನುವಳು. ನನ್ನ ಮನೆಯಲ್ಲಿ ನನ್ನ ಪರವಾಗಿ ಮಾತಾಡುವ ಅಧಿಕಾರ ನನಗಿಲ್ಲದೆ ತಮಗಿತ್ತು. ಹೆಂಡತಿ ತನ್ನ ಮೇಲೆ ಹೆಚ್ಚು ಗಮನ ಇಡುತ್ತಾಳೆಂದು ಗೊಣಗುವ ಗಂಡ ನಾನಲ್ಲ. ಅವಳು ಗಮನವಿಟ್ಟದ್ದು ನನ್ನ ಮೇಲಲ್ಲವೆಂಬುದೇ ನನ್ನ ಸಂಕಟವಾಗಿತ್ತು. ಗೋಡೆಯ ನೆರಳಲ್ಲಿ ಡಬ್ಬಿ ಬಿಚ್ಚಿದಾಗ, ಸದ್ದಿಲ್ಲದ ಫೋನನ್ನು ಪಕ್ಕದಲ್ಲಿಟ್ಟುಕೊಂಡು, ನಾನು ತಮ್ಮನ್ನು ಎಷ್ಟು ದ್ವೇಷದಿಂದ ನೋಡಿದ್ದೇನೆಂಬುದು ತಮ್ಮ ದಾಖಲೆಯಲ್ಲಿ ‘ಲಘು ವ್ಯಾಯಾಮ’ ಎಂದು ನಮೂದಾಗಿರಬಹುದು.

ಆ ದಿನ ಬೆಳಗ್ಗೆ ಡಾಕ್ಟರಿಗೆ ಎರಡು ಡ್ರಮ್ಮುಗಳ ನಡುವೆ ಕಾರನ್ನು ಹಿಂದಕ್ಕೆ ತಂದು ನಿಲ್ಲಿಸುವ ಪಾಠವಿತ್ತು. ಪರೀಕ್ಷೆ ಹತ್ತಿರವಿದ್ದುದರಿಂದ ಅವರೂ ಬಿಡಲಿಲ್ಲ, ನಾನೂ ಬಿಡಲಿಲ್ಲ. ಡ್ರಮ್ಮುಗಳು ಉರುಳಿದಾಗಲೆಲ್ಲ ನಾನು ನಗುನಗುತ್ತ “ಪರ್ವಾಗಿಲ್ಲ, ಇನ್ನೊಂದ್ಸಲ” ಎನ್ನುತ್ತಿದ್ದೆ, ತಾವು ಒಳಗಿನ ಸಮಾಚಾರವನ್ನು ಕೆಂಪಕ್ಷರದಲ್ಲಿ ಮಾರುಕಟ್ಟೆಯ ಬೀದಿಗೆ ರವಾನಿಸುತ್ತಿದ್ದಿರಿ. ಅದೇ ಹೊತ್ತಿಗೆ ಅಲ್ಲಿ ನನ್ನ ಹೆಂಡತಿ, ಮೇಲಿನ ಕಪಾಟಿನಿಂದ ಬಟ್ಟೆಯ ಥಾನು ಇಳಿಸಲು ಸ್ಟೂಲು ಹತ್ತಿದ್ದಳು. ಸ್ಟೂಲಿನ ಕಾಲು ಜಾರಿತು. ಬಲಗೈ ಊರಿ ಬಿದ್ದಳು. ಮಣಿಕಟ್ಟಿನ ಮೂಳೆ ಮುರಿಯಿತು. ಎಡಗೈಯಿಂದ ಫೋನು ಎತ್ತಿಕೊಂಡು ನನಗೆ ಮಾಡಲು ಹೊರಟವಳಿಗೆ ಮೊದಲು ಕಂಡದ್ದು ತಾವು. ಕೆಂಪು ಹೃದಯ, ನೂರಿಪ್ಪತ್ತು, ನೂರಮೂವತ್ತು. ‘ಈ ಹೊತ್ತಿನಲ್ಲಿ ನಾನು ಬಿದ್ದೆ ಅಂದರೆ ಇವರಿಗೆ ಏನಾದರೂ ಆಗಿಬಿಟ್ಟರೆ?’ ಎಂದುಕೊಂಡು ಅವಳು ಫೋನು ಕೆಳಗಿಟ್ಟಳು. ಅಳತೆ ಕೊಡಲು ಬಂದಿದ್ದ ಗಿರಾಕಿ ಹೆಂಗಸೊಬ್ಬಳು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿ ಬೆಂಚಿನ ಮೇಲೆ ಕೂತು, ಮೂಳೆ ಸರಿಮಾಡುವ ಮುಂಚೆ, ಪ್ಲಾಸ್ಟರು ಒಣಗುವ ತನಕ, ಅವಳು ಎಡಗೈಯಲ್ಲಿ ಫೋನು ಹಿಡಿದು ನನ್ನ ಅಂಕಿ ಇಳಿಯಲೆಂದು ಕಾಯುತ್ತಿದ್ದಳಂತೆ. ಮಧ್ಯಾಹ್ನ ಅದು ಇಳಿಯಿತು, ನಾನು ಆಗ ನೆರಳಲ್ಲಿ ಕೂತು ಹೊಟ್ಟೆ ತುಂಬ ಊಟ ಮಾಡುತ್ತಿದ್ದೆ. ಇಳಿದದ್ದನ್ನು ನೋಡಿ, ಸದ್ಯ ಆರಾಮಾಗಿದ್ದಾರೆ, ಈಗ ಯಾಕೆ ಕೆಡಿಸಲಿ ಎಂದು ಆಗಲೂ ಮಾಡಲಿಲ್ಲ.

ಸಂಜೆ ತರಕಾರಿ ಚೀಲ ಹಿಡಿದು ಬಾಗಿಲು ದಾಟಿದಾಗ ಅವಳ ಕೈ ಕೊರಳಿಗೆ ನೇತುಬಿದ್ದಿತ್ತು. ಚೀಲವನ್ನು ಹೊಸ್ತಿಲಲ್ಲೇ ಇಟ್ಟುಬಿಟ್ಟೆ. ಒಂದು ಫೋನ್ ಮಾಡಬಾರದಿತ್ತಾ ಎಂದು ಕೇಳಿದ್ದು ನನ್ನ ದನಿಯಂತೆಯೇ ಇರಲಿಲ್ಲ. ಅವಳು ಪ್ಲಾಸ್ಟರಿನ ತುದಿ ಕೆರೆಯುತ್ತ, “ನಿಮ್ದೇ ಅಷ್ಟು ಏರಿತ್ತಲ್ರೀ. ನನ್ನದೊಂದು ಸೇರ್ಸೋದು ಬೇಡ ಅಂತ” ಎಂದಳು. ಮಾನ್ಯರೇ, ಆ ನೂರಮೂವತ್ತು ಯಾವ ಸಂಕಟದ್ದೂ ಆಗಿರಲಿಲ್ಲ. ಅದು ಎರಡು ಖಾಲಿ ಡ್ರಮ್ಮುಗಳದ್ದು. ಡ್ಯಾಶ್‌ಬೋರ್ಡ್ ತಟ್ಟಿದರೆ ನಾನು ಬಿದ್ದೆನೆಂದು ಊರಿಗೆಲ್ಲ ಸಾರುತ್ತಿದ್ದ ತಾವು, ನಿಜವಾಗಿ ಬಿದ್ದವಳ ಬಾಯಿ ಮುಚ್ಚಿಸಿದಿರಿ. ಅವಳು ಆ ಬೆಂಚಿನ ಮೇಲೆ ಒಬ್ಬಳೇ ಹಲ್ಲು ಕಚ್ಚಿ ಕೂತಿದ್ದ ಹೊತ್ತಿನಲ್ಲಿ ನಾನು ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದೆನಲ್ಲ, ಅದಕ್ಕಾಗಿ ನಾನು ತಮ್ಮನ್ನು ಕ್ಷಮಿಸಲಾರೆ. ಇಷ್ಟಾದರೂ ಮರುದಿನ ಬೆಳಗ್ಗೆ ಅವಳೇ ಎಡಗೈಯಲ್ಲಿ ತಮ್ಮನ್ನು ನನ್ನ ಮುಂದೆ ಹಿಡಿದು, “ಕಟ್ಕೊಳ್ಳಿ” ಎಂದಳು. ಕಟ್ಟಿಕೊಂಡೆ. ಮುರಿದ ಕೈಯವಳ ಜೊತೆ ಯಾರು ಜಗಳವಾಡುತ್ತಾರೆ?

ಅಂತಿಮವಾಗಿ ನ್ಯಾಯ ತಮ್ಮೊಳಗಿಂದಲೇ ಬಂತು. ವಾರಂಟಿಯ ಅವಧಿ ಮುಗಿಯುವುದನ್ನು ಸಜ್ಜನರಂತೆ ಕಾದಿದ್ದು, ಮುಗಿದ ಬೆನ್ನಿಗೇ ತಮ್ಮ ಹೊಟ್ಟೆ ಉಬ್ಬಿ, ಮುಖದ ಗಾಜು ಎದ್ದು ಬಂತು. ಸರ್ವಿಸ್ ಸೆಂಟರಿನ ತಂಪು ಕೋಣೆಯಲ್ಲಿ, ಕೊರಳಿಗೆ ಗುರುತಿನ ಚೀಟಿ ತೂಗಿಸಿಕೊಂಡಿದ್ದವರು ತಮ್ಮನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, “ಬ್ಯಾಟರಿ ಹೋಗಿದೆ ಸರ್” ಎಂದರು. ಹಾಕಿಕೊಡಿ ಎಂದೆ. “ಇದು ಬಿಚ್ಚೋ ಹಾಗಿಲ್ಲ ಸರ್, ಅಂಟಿಸಿರ್ತಾರೆ.” ಅಂಟು ಬಿಟ್ಟು ತಾನೇ ಬಿಚ್ಚಿಕೊಂಡಿದೆಯಲ್ಲ ಎಂದೆ. “ಹೌದು ಸರ್, ಆದ್ರೆ ನಾವು ಬಿಚ್ಚೋ ಹಾಗಿಲ್ಲ.” ರಿಪೇರಿ ಆಗುವುದಿಲ್ಲವೆಂದು ಬರೆದುಕೊಡಿ ಎಂದಾಗ, ಆಗುವುದೇ ಇಲ್ಲ ಅಂತಲ್ಲ, ಆಗುತ್ತೆ ಅಂತಲೂ ಅಲ್ಲ ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟು, ಹೊಸ ಮಾದರಿಯ ಚಿತ್ರವಿದ್ದ ಹಾಳೆಯೊಂದನ್ನು ಕೈಗಿತ್ತರು. ಅದರಲ್ಲಿನ ಗಡಿಯಾರ ತಮ್ಮಂತೆಯೇ ಇತ್ತು, ಹೊಟ್ಟೆ ಮಾತ್ರ ಇನ್ನೂ ಉಬ್ಬಿರಲಿಲ್ಲ.

ಆದ್ದರಿಂದ ಪ್ರಿಯ ಭಾವಮೈದುನನೇ, ಬಾಳಿಕೆಯ ಬಗ್ಗೆ ಕೇಳಿದ್ದೆಯಲ್ಲ, ಕೇಳಿಕೋ. ನಿನ್ನ ಅಕ್ಕನ ಹೊಲಿಗೆ ಮಿಷನ್ ನಿಮ್ಮ ಅಮ್ಮನದು, ತೊಟ್ಟು ಎಣ್ಣೆ ಬಿಟ್ಟರೆ ಈಗಲೂ ಕುದುರೆಯ ಹಾಗೆ ಓಡುತ್ತದೆ. ಊರಿನ ಅರ್ಧದಷ್ಟು ಜನ ಗೇರು ಹಾಕಲು ಬಾರದೆ ಕಿರುಚಿಸಿದ, ನಾನು ಪಾಠ ಹೇಳುವ ಕಾರು ಇವತ್ತಿಗೂ ಒಂದೇ ಸಲಕ್ಕೆ ಸ್ಟಾರ್ಟಾಗುತ್ತದೆ. ಈ ಮಹಾಶಯರಲ್ಲಿ ಬಾಳಿಕೆ ಬಂದದ್ದು ಕೈಗೆ ಬಿಗಿಯುವ ಪಟ್ಟಿ ಮಾತ್ರ. ಕೊಳ್ಳಬಹುದೇ ಎಂದರೆ, ಎದೆ ಹಿಡಿದುಕೊಂಡು ಕುಸಿದು ಬದುಕಿ ಬಂದ ನಮ್ಮ ಮೇಷ್ಟ್ರಿಗೆ ಆಸ್ಪತ್ರೆಯ ಡಾಕ್ಟರೇ ಹೇಳಿ ಒಂದನ್ನು ಕಟ್ಟಿಸಿದ್ದಾರೆ. ಅದರಿಂದ ಅವನಿಗೆ ಧೈರ್ಯ ಬಂದಿದೆ, ಅವನು ಕಟ್ಟಿಕೊಳ್ಳಲಿ, ಆ ಮಾತಿಗೆ ನಾನು ಎದುರಾಡುವುದಿಲ್ಲ. ನಿನಗೆ ಬೇಕಾಗಿರುವುದು ಆಫೀಸಿನಲ್ಲಿ ತೋಳು ಮಡಚಿ ತೋರಿಸಲಿಕ್ಕೆ. ಹಾಗಿದ್ದರೆ ಕೊಂಡುಕೋ, ಆದರೆ ನಿನ್ನ ಹೆಂಡತಿಯ ಫೋನಿಗೆ ಅದನ್ನು ಜೋಡಿಸಬೇಡ. ಅವಳು ಈಗ ದಿನಕ್ಕೆ ಮೂರು ಸಲ ಫೋನ್ ಮಾಡಿ ತಲೆ ತಿನ್ನುತ್ತಾಳೆ ಎನ್ನುತ್ತೀಯಲ್ಲ, ತಿನ್ನಲಿ ಬಿಡು.

ಮತ್ತೆ ತಮ್ಮ ಕಡೆಗೆ ತಿರುಗುತ್ತೇನೆ, ಮಾನ್ಯರೇ. ನನ್ನ ಬೇಡಿಕೆಗಳು ಹೆಚ್ಚಿಲ್ಲ. ನನ್ನ ಎಲ್ಲ ಬಡಿತಗಳನ್ನೂ ತಾವು ಎಲ್ಲೋ ಕ್ಲೌಡ್ ಎಂಬ ಮೋಡದಲ್ಲಿ ಭದ್ರವಾಗಿ ಇಟ್ಟಿದ್ದೀರೆಂದು ಕಂಪನಿ ಹೇಳುತ್ತದೆ. ಹಾಗಾದರೆ ಅಲ್ಲೇ ಪಕ್ಕದಲ್ಲಿ ಹುಡುಕಿ, ತಮ್ಮ ಕಾಲದಲ್ಲಿ ಬಾರದೆ ಹೋದ ಮಧ್ಯಾಹ್ನದ ಫೋನುಗಳನ್ನೆಲ್ಲ ಒಂದೂ ಬಿಡದಂತೆ ಹಿಂದಿರುಗಿಸಿಕೊಡಬೇಕು, ಅದರಲ್ಲೂ ಆಸ್ಪತ್ರೆಯ ಬೆಂಚಿನಿಂದ ಹೊರಡಬೇಕಾಗಿದ್ದುದನ್ನು ಮೊದಲು ಕಳಿಸಬೇಕು, ನಾನು ಊಟ ಅರ್ಧಕ್ಕೆ ಬಿಟ್ಟು ಓಡಿಹೋಗಲು ಈಗಲೂ ಸಿದ್ಧನಿದ್ದೇನೆ. ತಮ್ಮ ವಂಶದಲ್ಲಿ ಮುಂದೆ ಹುಟ್ಟುವವರಿಗೆ, ಡ್ರಮ್ಮಿನ ಭಯಕ್ಕೂ ಸಾವಿನ ಭಯಕ್ಕೂ ಇರುವ ವ್ಯತ್ಯಾಸವನ್ನು ಕಲಿಸಬೇಕು. ಕಲಿಸಲಾಗದಿದ್ದರೆ ಹೆಂಡತಿಯೊಬ್ಬಳು ಫೋನೆತ್ತಿಕೊಂಡಾಗ ಅಡ್ಡ ಬಾರದೆ ಪಕ್ಕಕ್ಕೆ ಸರಿದು ನಿಲ್ಲುವ ಸೌಜನ್ಯವನ್ನಾದರೂ ಕಲಿಸಬೇಕು. ಮತ್ತು ಮುಂದಿನ ಜನ್ಮವೆಂಬುದೊಂದಿದ್ದರೆ ತಾವು ಗೋಡೆ ಗಡಿಯಾರವಾಗಿ, ಯಾವುದಾದರೂ ಸರ್ಕಾರಿ ಕಚೇರಿಯಲ್ಲಿ ಹುಟ್ಟಬೇಕು. ಅಲ್ಲಿ ಯಾರ ಎದೆಯೂ ಯಾವ ಕಾರಣಕ್ಕೂ ಜೋರಾಗಿ ಬಡಿಯುವುದಿಲ್ಲ, ತಮಗೆ ವಿಶ್ರಾಂತಿ ಸಿಗುತ್ತದೆ.

ಒಂದು ಉಪಕಾರವನ್ನು ಮಾತ್ರ ನೆನೆಯದಿದ್ದರೆ ತಪ್ಪಾದೀತು. ತಾವು ಕಣ್ಣು ಮುಚ್ಚಿದ ದಿನ ಅವಳ ಫೋನಿನ ಪರದೆ ಬರಿದಾಯಿತು. ಪ್ಲಾಸ್ಟರಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅಂಗಡಿಯಲ್ಲಿ ಕೂತಿದ್ದವಳಿಗೆ ನಾನು ಇದ್ದೇನೋ ಇಲ್ಲವೋ ತಿಳಿಯುವ ದಾರಿ ಉಳಿಯಲಿಲ್ಲ. ಗೋಡೆಯ ನೆರಳಲ್ಲಿ ನನ್ನ ಫೋನು ಬಡಿದುಕೊಂಡಿತು. “ಊಟ ಆಯ್ತಾ?” ಎಂದಳು. ನಾನು “ಹ್ಞೂಂ” ಎಂದೆ. ಒಡನೆಯೇ, “ಯಾಕೆ ದನಿ ಒಂಥರಾ ಇದೆ?” ಎಂದು ಕೇಳಿದಳು. ಅಂದಿನಿಂದ ದಿನಾ ಕೇಳುತ್ತಿದ್ದಾಳೆ. ಈಗ ನಾನೂ ಅವಳು ಕೇಳುವುದಕ್ಕೆ ಮೊದಲೇ ನಿನ್ನ ಕೈ ಹೇಗಿದೆ ಎಂದು ಕೇಳಿಬಿಡುತ್ತೇನೆ.

ಹೀಗೆ ಬದುಕಿನಲ್ಲಿ ಮಾಡಲಾಗದ್ದನ್ನು ಸಾವಿನಿಂದ ಸಾಧಿಸಿದ ತಮ್ಮ ತ್ಯಾಗವನ್ನು ಕೊಂಡಾಡುತ್ತ, ಖಾನೆಯನ್ನು ಮೆಲ್ಲಗೆ ಮುಚ್ಚುತ್ತೇನೆ.

ತಮ್ಮ ವಿಶ್ವಾಸಿ,
ತಣ್ಣೀರು ಮೇಷ್ಟ್ರು
(ಈಚೆಗೆ ಕೊಂಚ ಉಗುರುಬೆಚ್ಚಗೆ)

ಮರೆತಿದ್ದ ಮಾತು: ಈ ಪತ್ರ ಬರೆದು ಮುಗಿಸುವ ಹೊತ್ತಿಗೆ ತಮ್ಮ ಕಂಪನಿಯಿಂದ ನನ್ನ ಹೆಂಡತಿಯ ಫೋನಿಗೆ ಒಂದು ಸಂದೇಶ ಬಂದಿದೆ: ‘ನಿಮ್ಮ ಆತ್ಮೀಯರ ಹೃದಯ ಬಡಿತ ಕೆಲವು ವಾರಗಳಿಂದ ನಮಗೆ ಸಿಕ್ಕಿಲ್ಲ. ಹೊಸ ಮಾದರಿಗೆ ಈಗಲೇ ಬದಲಾಗಿ, ವಿಶೇಷ ರಿಯಾಯಿತಿ ಪಡೆಯಿರಿ.’ ಅವಳು ಅದನ್ನು ಮಧ್ಯಾಹ್ನದ ಫೋನಿನಲ್ಲಿ ನನಗೆ ಓದಿ ಹೇಳಿ, “ನೀವು ಹೋಗಿ ವಾರಗಳೇ ಆಯ್ತಂತೆ ಕಣ್ರೀ. ಬರ್ತಾ ತರಕಾರಿ ಮರೀಬೇಡಿ” ಎಂದಳು.